ಜಿನನಾಥಪುರದ ಕಲ್ಲು ಮತ್ತು ಶರಣರ ಓಲೆ
ಧರ್ಮ–ಮಾಧ್ಯಮ ಸಂಬಂಧದ ಅಧ್ಯಯನವನ್ನು ಕುರಿತು

ಧರ್ಮಕ್ಕೂ ಮಾಧ್ಯಮಕ್ಕೂ ಇರುವ ಸಂಬಂಧವನ್ನು ಸ್ವತಂತ್ರವಾದ ಒಂದು ಅಧ್ಯಯನ ವಿಷಯವೆಂದು ಎಣಿಸುವ ಪದ್ಧತಿ ವಿಶ್ವವಿದ್ಯಾನಿಲಯಗಳಲ್ಲಿ ನೆಲೆಗೊಂಡು ಕೆಲವು ದಶಕಗಳಾದುವು. ದೂರದರ್ಶನದ ಮೂಲಕ ನಡೆಯುವ ಕ್ರೈಸ್ತ ಧರ್ಮೋಪದೇಶವನ್ನು ಕುರಿತು 1988ರಲ್ಲಿ ಗ್ರಂಥ ಬರೆದ ಸ್ಟೂವರ್ಟ್ ಹೂವರ್ ಅವರು ಮುಂದೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯಕ್ಕಾಗಿಯೇ ಒಂದು ಕೇಂದ್ರವನ್ನು ಕಟ್ಟಿದರು. ನಮ್ಮ ದೇಶದ ಮಟ್ಟಿಗೆ ಇಂಥ ವಿಚಾರಕ್ಕೆ ಚಾಲನೆ ದೊರೆತದ್ದು 1987ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಗತೊಡಗಿದ 'ರಾಮಾಯಣ' ಧಾರಾವಾಹಿಯಿಂದ. ದಕ್ಷಿಣ ಏಷ್ಯದ ಧರ್ಮಗಳು ಮಾಧ್ಯಮಗಳಿಂದ ಹೇಗೆ ಮಾರ್ಪಟ್ಟುವೆಂಬುದನ್ನು ಕುರಿತು ಲಾರೆನ್ಸ್ ಬ್ಯಾಬ್ ಮತ್ತು ಸೂಸನ್ ವಾಡ್ಲಿ ಅವರು ಸಂಪಾದಿಸಿದ ಲೇಖನಸಂಪುಟ 1995ರಲ್ಲಿಯೂ, ರಾಮಾಯಣದ ಪ್ರಸಾರಕ್ಕೂ ರಾಜಕಾರಣಕ್ಕೂ ಇರುವ ನಂಟನ್ನು ಶೋಧಿಸಿದ ಅರವಿಂದ ರಾಜಗೋಪಾಲರ ಗ್ರಂಥ 2001ರಲ್ಲಿಯೂ ಹೊರಬಂದುವು. ಇವೆಲ್ಲವೂ ಆದರಣೀಯವಾದ ಕಾರ್ಯಗಳೇ ಸರಿ.

ಆದರೆ ಇಂಥ ಗ್ರಂಥಗಳ ಮಾದರಿಯನ್ನು ಹಿಡಿದು ಹೊರಡುವ ಕನ್ನಡದ ವಿದ್ಯಾರ್ಥಿ ಒಂದು ತಪ್ಪು ಎಣಿಕೆಗೆ ಒಳಗಾಗುವ ಸಂಭವವುಂಟು. ಮಾಧ್ಯಮವೆಂದರೆ ನಿನ್ನೆ ಮೊನ್ನೆ ಹುಟ್ಟಿದ ಯಂತ್ರ. ಧರ್ಮವೆಂದರೆ ಅದಕ್ಕೆ ಸಹಸ್ರಾರು ವರ್ಷ ಹಿಂದಿನಿಂದ ಸಿದ್ಧವಾಗಿ ನಿಂತ ಸರಕು. ಯಂತ್ರ ಬಂದಿತು, ಸರಕನ್ನು ಹೊತ್ತೊಯ್ದಿತು, ಹೊತ್ತೊಯ್ಯುವಾಗ ಕೊಂಚ ಕೆಡಿಸಿತು – ಎಂಬುದೇ ಆ ಎಣಿಕೆ. ಹೀಗೆ ತಿಳಿದವನಿಗೆ ಧಾರಾವಾಹಿಗಿಂತ ಹಿಂದಿನದೆಲ್ಲವೂ ಶುದ್ಧವಾದ ಧರ್ಮವಾಗಿ, ಮಾಧ್ಯಮದ ಸೋಂಕಿಲ್ಲದ ಸ್ಥಿತಿಯಾಗಿ ತೋರುತ್ತದೆ. ಕನ್ನಡ ನಾಡಿನ ಸಾಕ್ಷ್ಯ ಇದಕ್ಕೆ ಪ್ರತಿಕೂಲವಾಗಿದೆ. ಮೈಸೂರಿನಲ್ಲಿ ಪತ್ರಿಕೋದ್ಯಮದ ಬೋಧನೆಗೆ ತಳಹದಿ ಹಾಕಿದ ನಾಡಿಗ ಕೃಷ್ಣಮೂರ್ತಿಯವರು 1966ರಲ್ಲಿ ಪ್ರಕಟಿಸಿದ ಭಾರತೀಯ ಪತ್ರಿಕೋದ್ಯಮದ ಇತಿಹಾಸಕ್ಕೆ 'ಅಶೋಕನಿಂದ ನೆಹರೂವರೆಗೆ' ಎಂಬ ಅವಧಿಯನ್ನು ಗುರುತಿಸಿದರು. ಅಶೋಕನ ಶಾಸನಗಳು ಧರ್ಮಲಿಪಿಗಳು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮಸ್ಕಿಗಳ ಬಂಡೆಗಳ ಮೇಲೆ ಅವು ಇಂದಿಗೂ ಇವೆ. ಸುದ್ದಿಯ ಚರಿತ್ರೆಯನ್ನು ಬಂಡೆಯಿಂದ ಆರಂಭಿಸಬೇಕೆಂದು ಆ ಪ್ರಾಧ್ಯಾಪಕರಿಗೆ ತೋರಿದ್ದರೆ, ಧರ್ಮ–ಮಾಧ್ಯಮಗಳ ಸಂಬಂಧವನ್ನು ಅಭ್ಯಸಿಸುವವರಿಗೆ ಅದು ಮತ್ತಷ್ಟು ಸ್ಪಷ್ಟವಾಗಿ ತೋರಬೇಕು.

ಮಾಧ್ಯಮವು ಧರ್ಮವನ್ನು ಹೊರುವ ವಾಹನ ಮಾತ್ರವಲ್ಲ. ಧರ್ಮದಲ್ಲಿ ಯಾವುದು ಉಳಿಯಬೇಕು, ಯಾವುದು ಅಳಿಯಬೇಕು, ಕಲಹ ನೆನಪಿರಬೇಕೋ ಸಾಮರಸ್ಯ ನೆನಪಿರಬೇಕೋ ಎಂಬುದನ್ನು ಆಯ್ದುಕೊಡುವ ಶಕ್ತಿ ಅದಕ್ಕುಂಟು. ಈ ಮಾತನ್ನು ಹಾಸನ ಜಿಲ್ಲೆಯ ಒಂದು ಚಿಕ್ಕ ಗ್ರಾಮವನ್ನು ನೆಲೆಯಾಗಿಟ್ಟುಕೊಂಡು, ಮೂರು ಕಾಲಘಟ್ಟಗಳ ಜೋಡಿ ಸಾಕ್ಷ್ಯಗಳ ಮೂಲಕ ಪರಿಶೀಲಿಸಬಹುದು.

೧

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕೆ, ಸುಮಾರು ಒಂದು ಕಿಲೋಮೀಟರಿನ ಅಂತರದಲ್ಲಿ ಜಿನನಾಥಪುರವಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕ್ರಿ.ಶ. 1117ರ ಸುಮಾರಿಗೆ ಈ ಊರನ್ನು ಕಟ್ಟಿಸಿದನು. ಬೆಟ್ಟದ ಮೇಲಿನ ಗೊಮ್ಮಟನನ್ನು ಕಾಣಲು ಬಂದ ಯಾತ್ರಿಕರಲ್ಲಿ ಈ ಊರಿಗೆ ಕಾಲಿಡುವವರು ವಿರಳ. ಇಲ್ಲಿಯ ಶಾಂತಿನಾಥ ಬಸದಿ ಬಳಪದ ಕಲ್ಲಿನ ಹೊಯ್ಸಳ ಕಟ್ಟಡ. ಬೆಳಗೊಳದ ಬಸದಿಗಳ ಹೊರಗೋಡೆಗಳು ಸಾಮಾನ್ಯವಾಗಿ ಬೋಳಾಗಿರುತ್ತವೆ. ಇದರ ಹೊರಗೋಡೆಯಲ್ಲಾದರೋ ಜಿನಬಿಂಬಗಳು, ಯಕ್ಷ ಯಕ್ಷಿಯರು, ವಾದ್ಯಗಾರರು, ನರ್ತಕಿಯರು ಸಾಲುಗೊಂಡಿದ್ದಾರೆ. ಓದುಬಾರದ ಭಕ್ತನೂ ಪ್ರದಕ್ಷಿಣೆ ಬರುತ್ತ ತನ್ನ ಮತದ ಲೋಕವನ್ನು ಕಣ್ಣಾರೆ ಓದಿಕೊಳ್ಳುವಂತೆ ಅದನ್ನು ರಚಿಸಲಾಗಿದೆ.

ಮೂಲವಿಗ್ರಹದ ಪೀಠದಲ್ಲಿ ಚಿಕ್ಕದೊಂದು ಶಾಸನವಿದೆ. 'ವಸುಧೈಕಬಾಂಧವ'ನೆಂಬ ಬಿರುದಿನ ರೇಚಣನು ಶಾಂತಿನಾಥನನ್ನು ಪ್ರತಿಷ್ಠಿಸಿ ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನೆಂಬುದು ಅದರ ಸಾರ. ಕಾಲ ಸುಮಾರು 1200. ಈ ರೇಚಣ ಯಾರು? ಮೊದಲು ಕಳಚುರ್ಯರಲ್ಲಿ ಸಚಿವನಾಗಿದ್ದು, ಅವರ ರಾಜ್ಯ ಅಳಿದ ಮೇಲೆ ಹೊಯ್ಸಳ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದ ದಂಡಾಧಿಪ. ಎಂದರೆ, ಬಿಜ್ಜಳನ ವಂಶದ ಆಸ್ಥಾನವನ್ನು ಒಳಗಿನಿಂದ ಬಲ್ಲವನು; ಶರಣರ ಕಲ್ಯಾಣದ ಸುದ್ದಿ ಇನ್ನೂ ಜನರ ಬಾಯಲ್ಲಿದ್ದ ಕಾಲದಲ್ಲಿ ಆ ಅರಸುಮನೆತನದಲ್ಲಿ ಅಧಿಕಾರ ನಡೆಸಿದವನು. ವಚನವಾಙ್ಮಯದ ಅಭ್ಯಾಸಿಗೆ ಇಷ್ಟು ತಿಳಿದ ಕೂಡಲೇ ಕುತೂಹಲ ಕೆರಳುವುದು ಸಹಜ. ಅವನು ಕಲ್ಯಾಣವನ್ನು ಕುರಿತು ಏನು ಕೇಳಿದ್ದನು? ಶರಣರ ವಿಷಯದಲ್ಲಿ ಅವನ ಅಭಿಪ್ರಾಯವೇನಿತ್ತು? ಪೀಠದ ಶಾಸನ ಈ ಬಗ್ಗೆ ಮೌನವಾಗಿದೆ. ದಾನಿ ಯಾರು, ದೇವರು ಯಾರು, ಸ್ವೀಕರಿಸಿದ ಗುರು ಯಾರು – ಇಷ್ಟನ್ನು ಹೇಳುವುದಷ್ಟೇ ಕಲ್ಲಿನ ಕೆಲಸ. ಉಳಿದ ಮನುಷ್ಯವೃತ್ತಾಂತಕ್ಕೆ ಅದರಲ್ಲಿ ಎಡೆಯಿಲ್ಲ.

ಇದೇ ಕಾಲದ ಇನ್ನೊಂದು ಕಲ್ಲನ್ನು ಇದರ ಜೊತೆಗಿಟ್ಟು ನೋಡಬೇಕು. ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನವೂ ಸುಮಾರು 1200ರದೇ. ಆಳಂದೆಯ ಏಕಾಂತದ ರಾಮಯ್ಯನು ಜೈನರೊಡನೆ ಪಂಥ ಕಟ್ಟಿ, ತನ್ನ ಶಿರಸ್ಸನ್ನು ಶಿವನಿಗೆ ಅರ್ಪಿಸಿ, ಏಳು ದಿನಗಳ ತರುವಾಯ ಅದನ್ನು ಮರಳಿ ಪಡೆದನೆಂಬ ವೃತ್ತಾಂತವನ್ನು ಅದು ವಿಸ್ತಾರವಾಗಿ ನಿರೂಪಿಸುತ್ತದೆ. ಭಕ್ತರಿಗೆ ಈ ಕಥೆ ನಿಷ್ಠೆಯ ಪರಾಕಾಷ್ಠೆಯಾಗಿ ಪರಿಚಿತ. ಅಧ್ಯಯನದ ದೃಷ್ಟಿಯಿಂದ ಗಮನಿಸತಕ್ಕ ಅಂಶ ಬೇರೊಂದಿದೆ. ಪಂಥಕ್ಕೆ ಮುನ್ನ ರಾಮಯ್ಯನು ಎದುರಾಳಿಗಳಿಂದ ಓಲೆ ಬರೆಸಿಕೊಳ್ಳುತ್ತಾನೆ. ಪಂಥ ಗೆದ್ದ ಮೇಲೆ ಅವರು ಮಾತಿಗೆ ತಪ್ಪಿದಾಗ ಜಿನಬಿಂಬ ಭಗ್ನವಾಗುತ್ತದೆ. ವ್ಯಾಜ್ಯ ಬಿಜ್ಜಳನ ಮುಂದೆ ಬಂದಾಗ ರಾಮಯ್ಯನು ಆ ಓಲೆಯನ್ನು ತೋರಿಸುತ್ತಾನೆ. ಅರಸನು ಕೊನೆಗೆ ಅವನಿಗೆ ಜಯಪತ್ರ ಕೊಡುತ್ತಾನೆ. ಬಳಿಕ ಇದೆಲ್ಲವೂ ಕಲ್ಲಿಗೇರುತ್ತದೆ. ಬಾಯಿಮಾತು, ಓಲೆ, ಜಯಪತ್ರ, ಶಿಲಾಶಾಸನ – ಒಂದೇ ಕಥೆಯೊಳಗೆ ನಾಲ್ಕು ಮಾಧ್ಯಮಗಳು. ಬಾಯಿಮಾತನ್ನು ನಂಬದೆ ಓಲೆ, ಓಲೆ ಸಾಲದೆ ಅರಸನ ಪತ್ರ, ಪತ್ರ ನಶಿಸೀತೆಂದು ಕಲ್ಲು. ಪವಾಡದ ಸತ್ಯಾಸತ್ಯವನ್ನು ಕುರಿತು ಏನೇ ವಾದವಿರಲಿ, ಹನ್ನೆರಡನೆಯ ಶತಮಾನದವರಿಗೆ ಯಾವ ಮಾಧ್ಯಮಕ್ಕೆ ಎಷ್ಟು ತೂಕವೆಂಬ ಅರಿವು ನಿಖರವಾಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಇನ್ನೊಂದು ಸಂಗತಿ. ಅಬ್ಬಲೂರಿನ ಶಾಸನ ಬಿಜ್ಜಳನನ್ನು ಹೆಸರಿಸುತ್ತದೆ, ಬಸವಣ್ಣನವರನ್ನು ಹೆಸರಿಸುವುದಿಲ್ಲ. ಅವರ ಹೆಸರನ್ನು ಹೇಳುವ ಪ್ರಸಿದ್ಧವಾದ ಅರ್ಜುನವಾಡದ ಶಾಸನ ಹುಟ್ಟಿದ್ದು 1260ರಲ್ಲಿ. ಕಲ್ಲಿನ ಸಾಕ್ಷ್ಯವೊಂದನ್ನೇ ಪ್ರಮಾಣವೆಂದು ಹಿಡಿದವರು ಈ ಮೌನದಿಂದ ಬಗೆಬಗೆಯ ಸಂದೇಹಗಳನ್ನು ಹೊರಡಿಸಿದ್ದುಂಟು. ಆದರೆ ಅರಮನೆ, ದೇವಾಲಯ, ಭೂದಾನಗಳ ಸುತ್ತ ಬೆಳೆದ ಶಾಸನಕ್ಕೆ, ದೇಹವನ್ನೇ ದೇಗುಲವೆಂದು ಬಗೆದ ಸಮುದಾಯವೊಂದು ಕಣ್ಣಿಗೆ ಬೀಳದೆ ಹೋದುದರಲ್ಲಿ ಆಶ್ಚರ್ಯವೇನು? ಕೆನಡದ ವಿದ್ವಾಂಸ ಹೆರಾಲ್ಡ್ ಇನ್ನಿಸ್ ಅವರು 1950–51ರಲ್ಲಿ ಪ್ರಕಟಿಸಿದ ತಮ್ಮ ಎರಡು ಗ್ರಂಥಗಳಲ್ಲಿ, ಕಲ್ಲಿನಂಥ ಭಾರವಾದ ಮಾಧ್ಯಮ ಕಾಲವನ್ನು ಗೆಲ್ಲುತ್ತದೆ, ಕಾಗದದಂಥ ಹಗುರವಾದ ಮಾಧ್ಯಮ ದೇಶವನ್ನು ಗೆಲ್ಲುತ್ತದೆ ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದರು. ಕನ್ನಡದ ಅನುಭವದಿಂದ ಅದಕ್ಕೊಂದು ತಿದ್ದುಪಡಿ ಸೂಚಿಸಬಹುದು: ಮಾಧ್ಯಮದ ಭಾರಕ್ಕಿಂತ ಅದನ್ನು ಬಳಸುವ ಅಧಿಕಾರ ಯಾರದೆಂಬುದು ಮುಖ್ಯ. ಕಲ್ಲು ಕೊರೆಸಲು ದಾನಿ ಬೇಕು, ಅನುಮತಿ ಬೇಕು, ನೆಲ ಬೇಕು. ವಚನ ನುಡಿಯಲು ಇವಾವುವೂ ಬೇಕಿರಲಿಲ್ಲ.

೨

ಎರಡನೆಯ ಜೋಡಿ ಹದಿನಾಲ್ಕನೆಯ ಶತಮಾನದ್ದು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯನು ತೀರ್ಮಾನಿಸಿದ ಶಾಸನ ಶ್ರವಣಬೆಳಗೊಳದಲ್ಲಿದೆ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ ಅರಸನು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದೆಂದು ವಿಧಿಸಿದನು. ಈ ಕಟ್ಟಳೆಯನ್ನು ರಾಜ್ಯದ ಬಸದಿಗಳಲ್ಲೆಲ್ಲ ಕಲ್ಲಿನಲ್ಲಿ ಹಾಕಿಸಬೇಕೆಂಬ ಆಜ್ಞೆಯೂ ಶಾಸನದೊಳಗೇ ಇದೆ. ಮಾಗಡಿ ಸೀಮೆಯ ಕಲ್ಯದಲ್ಲಿ ಇದರ ಇನ್ನೊಂದು ಪ್ರತಿ ದೊರೆತಿದೆ. ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಜೈನರು ಕೊಟ್ಟುದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನು ಹೊತ್ತನು. ಜಿನಾಲಯದ ಸುಣ್ಣಕ್ಕೆ ವೈಷ್ಣವನೇ ಹೊಣೆಗಾರ! ಒಂದು ರಾಜಾಜ್ಞೆಯನ್ನು ಅನೇಕ ಪ್ರತಿಗಳಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ, ಜನಭಾಷೆಯಾದ ಕನ್ನಡದಲ್ಲಿ ಪ್ರಕಟಿಸುವ ಈ ವಿಧಾನಕ್ಕೂ ಇಂದಿನ ಸರ್ಕಾರಿ ಪ್ರಕಟಣೆಗೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ವಿಮರ್ಶಕನ ಕಣ್ಣು ಇಲ್ಲಿ ಒಂದು ವೈಚಿತ್ರ್ಯವನ್ನು ಕಾಣದಿರದು. ಭೇದವಿಲ್ಲವೆಂದು ಸಾರುವ ಈ ಶಾಸನ ಆರಂಭವಾಗುವುದು ರಾಮಾನುಜಾಚಾರ್ಯರ ಸ್ತುತಿಶ್ಲೋಕದಿಂದ. ಆ ಶ್ಲೋಕವೋ ಆಚಾರ್ಯರನ್ನು ಪರಮತಗಳೆಂಬ ಕಡಲಿಗೆ ಬಡಬಾಗ್ನಿಯೆಂದು ಕೊಂಡಾಡುತ್ತದೆ. ಸಂಧಿಪತ್ರದ ತಲೆಯ ಮೇಲೆ ಸಮರದ ಶ್ಲೋಕ! ಬರೆದವರಿಗೆ ಇದರಲ್ಲಿ ಅಸಂಗತವೇನೂ ಕಾಣಲಿಲ್ಲ. ಶಾಸನಕ್ಕೆ ಮಂಗಳಶ್ಲೋಕ ಬೇಕೆಂಬ ರೂಢಿಯನ್ನು ಅವರು ಪಾಲಿಸಿದರು, ಅಷ್ಟೆ. ಮಾಧ್ಯಮಕ್ಕೆ ತನ್ನದೇ ಆದ ರೂಢಿಗಳಿರುತ್ತವೆ. ಅವು ಹೇಳಹೊರಟ ಅರ್ಥಕ್ಕೆ ವಿರುದ್ಧವಾಗಿಯೂ ನುಡಿಯಬಲ್ಲವು. ಸಾಮರಸ್ಯವನ್ನು ಬೋಧಿಸುವ ಇಂದಿನ ಎಷ್ಟೋ ಸಭೆಗಳಲ್ಲಿ ಘೋಷಣೆಯೊಂದು, ಭಾಷಣವೊಂದು ಆಗುವುದನ್ನು ಬಲ್ಲವರಿಗೆ ಇದು ಹೊಸದೆನಿಸದು.

ಈ ಶಾಸನ ಹುಟ್ಟಿದ ಮರುವರ್ಷ, 1369ರಲ್ಲಿ, ಭೀಮಕವಿಯು ತನ್ನ 'ಬಸವಪುರಾಣ'ವನ್ನು ಮುಗಿಸಿದನು. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಅನುಸರಿಸಿದ ಈ ಷಟ್ಪದಿಕಾವ್ಯ ಏಕಾಂತರಾಮಯ್ಯನ ಕಥೆಯನ್ನು ಮತ್ತೆ ಹಾಡಿತು. ಬೆಳಗೊಳದ ಕಲ್ಲು ಸಂಧಾನವನ್ನು ಹಿಡಿದು ತನ್ನ ಸ್ಥಳದಲ್ಲಿಯೇ ನಿಂತಿತು. ಕಾವ್ಯವಾದರೋ ಪುರಾಣಪ್ರವಚನದ ಮೂಲಕ ಮಠದಿಂದ ಮಠಕ್ಕೆ, ಹಳ್ಳಿಯಿಂದ ಹಳ್ಳಿಗೆ ಸಂಚರಿಸಿತು. ಪರಿಣಾಮವಾಗಿ, ಏಕಾಂತರಾಮಯ್ಯನ ಪಂಥವನ್ನು ಕೇಳಿ ಬಲ್ಲ ಭಕ್ತರು ಲಕ್ಷಾಂತರ. ಬುಕ್ಕರಾಯನ ಕಟ್ಟಳೆಯನ್ನು ಬಲ್ಲವರು ಚರಿತ್ರೆಯನ್ನು ಓದಿದ ಕೆಲವರು. ಇದರಲ್ಲಿ ಭೀಮಕವಿಯ ದೋಷವೇನೂ ಇಲ್ಲ. ಭಕ್ತಿಯನ್ನು ಬೆಳಗುವುದೇ ಅವನ ಉದ್ದೇಶವಾಗಿತ್ತು. ಕಲಹದ ಕಥೆಗೆ ಚಲಿಸುವ ಮಾಧ್ಯಮ ದೊರೆತುದೂ ಸಂಧಾನಕ್ಕೆ ನಿಂತ ಮಾಧ್ಯಮ ದೊರೆತುದೂ ಚರಿತ್ರೆಯ ಯೋಗ. ಆದರೆ ಮತಮತಗಳ ನಡುವಣ ನೆನಪು ಹೇಗೆ ರೂಪುಗೊಂಡಿತೆಂದು ಅರಸುವವರು ಈ ಯೋಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂದೆ ಹೋಗುವಂತಿಲ್ಲ.

೩

ಇಲ್ಲಿಗೆ ಒಂದು ಸುಲಭ ನಿರ್ಣಯ ನಾಲಗೆಯ ತುದಿಗೆ ಬರುತ್ತದೆ: ಜೈನರದು ಸ್ಥಾವರ, ಶರಣರದು ಜಂಗಮ, ಕಲ್ಲು ನಿಂತಿತು, ಮಾತು ನಡೆಯಿತು. ಇದು ಕಿವಿಗೆ ಇಂಪಾದರೂ ಪೂರ್ಣಸತ್ಯವಲ್ಲ. ಬೆಳಗೊಳದ ಕಲ್ಲುಗಳಿಗೆ ಜೀವ ತುಂಬಿದವರು ಊರೂರು ಸಂಚರಿಸುವ ಮುನಿಗಳು, ದೂರದ ನಾಡುಗಳಿಂದ ನಡೆದು ಬಂದ ಯಾತ್ರಿಕರು. ಮಳೆಗಾಲದ ನಾಲ್ಕು ತಿಂಗಳು ಹೊರತು ಒಂದೆಡೆ ನಿಲ್ಲಬಾರದೆಂಬ ವ್ರತವುಳ್ಳ ಜೈನಮುನಿಗಿಂತ ಮಿಗಿಲಾದ ಚರಜೀವನ ಯಾರದು? ಇತ್ತ ವಚನಗಳ ಇತಿಹಾಸವನ್ನು ನೋಡಿದರೆ, ನುಡಿದ ಮಾತು ಉಳಿದು ಬಂದದ್ದು ಓಲೆಯ ಕಟ್ಟುಗಳಾಗಿ, ಮಠಗಳ ಗೂಡುಗಳಲ್ಲಿ, ಮನೆಗಳ ಜಗುಲಿಗಳ ಮೇಲೆ, ಬಟ್ಟೆಯಲ್ಲಿ ಸುತ್ತಿ ಪೂಜೆಗೊಳ್ಳುತ್ತ. ಹನ್ನೆರಡನೆಯ ಶತಮಾನದ ಶರಣರ ಕೈಬರಹವಾಗಲಿ ಅಂದಿನ ಓಲೆಯಾಗಲಿ ದೊರೆತಿಲ್ಲ. ದೊರೆತಿರುವುವು ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದ ಈಚಿನ ಪ್ರತಿಗಳು. ಜಂಗಮವಾದ ನುಡಿ ಸ್ಥಾವರವಾದುದರಿಂದಲೇ ಬದುಕಿತು; ಆದರೆ ಪೂಜೆಗೊಂಡ ಕಟ್ಟು ಬಿಚ್ಚದ ಕಟ್ಟಾಯಿತು. ಈ ಎರಡನ್ನೂ ಒಟ್ಟಿಗೆ ಹೇಳದೆ ವಚನಗಳ ಚರಿತ್ರೆ ಪೂರ್ಣವಾಗದು.

ಓಲೆಗೆ ಏರಿದಾಗ ವಚನಕ್ಕೆ ಆದ ಮಾರ್ಪಾಡು ಅಲ್ಪವಾದುದಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು 'ಶೂನ್ಯಸಂಪಾದನೆ'ಯನ್ನು ಸಂಕಲಿಸಿದನು. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಅದನ್ನು ಪರಿಷ್ಕರಿಸಿದರು. ಬಿಡಿಯಾಗಿದ್ದ ವಚನಗಳನ್ನು ಪ್ರಶ್ನೋತ್ತರಗಳಾಗಿ ಹೆಣೆದು, ನಡುವೆ ತಮ್ಮ ಗದ್ಯವನ್ನು ಕೂಡಿಸಿ, ಪ್ರಭುದೇವರು ಕೇಂದ್ರವಾದ ಮಹಾಸಂವಾದವೊಂದನ್ನು ಅವರು ಕಟ್ಟಿದರು. ಇದು ಸಂಪಾದನೆ ಮಾತ್ರವಲ್ಲ, ವ್ಯಾಖ್ಯಾನ. ಉದಾಹರಣೆಗೆ ಸೊನ್ನಲಿಗೆಯ ಪ್ರಸಂಗವನ್ನು ತೆಗೆದುಕೊಳ್ಳಬಹುದು. ಕೆರೆ ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮರ ಬಳಿಗೆ ಬಂದ ಅಲ್ಲಮರು ಕಟುವಾದ ನುಡಿಗಳನ್ನಾಡುತ್ತಾರೆ. ಕೆಲಸಗಾರರು ಕೆರಳಿ ಕಲ್ಲೆಸೆಯುತ್ತಾರೆ. ಕೊನೆಗೆ ಸಿದ್ಧರಾಮರು ಅಂತರಂಗದ ಅರಿವಿನತ್ತ ತಿರುಗುತ್ತಾರೆ. ಇದೇ ಸಂದರ್ಭದ ವಚನವೊಂದನ್ನು ಬಿಡಿಸಿ ತೆಗೆದು ಓದಿದರೆ ಅದು ಕಲ್ಲಿನ ಕಾಯಕದ ನಿಂದೆಯಾಗಿ, ಕಟ್ಟುವವರ ಅವಹೇಳನವಾಗಿ ತೋರುತ್ತದೆ. ಸಂವಾದದೊಳಗೆ ಓದಿದರೆ ಅದು ಗುರುವು ಶಿಷ್ಯನನ್ನು ಒರೆಗೆ ಹಚ್ಚುವ ಕ್ರಮ. ಮಾತು ಒಂದೇ, ಅದನ್ನು ಇರಿಸಿದ ಚೌಕಟ್ಟು ಬದಲಾದೊಡನೆ ಅರ್ಥ ಬದಲಾಯಿತು. ಶೂನ್ಯಸಂಪಾದನಕಾರರಿಗೆ ಈ ರಹಸ್ಯ ಚೆನ್ನಾಗಿ ತಿಳಿದಿತ್ತು. ಇಂದು ವಚನವನ್ನು ಗೋಡೆಯ ಮೇಲೆ ಒಂದು ಸಾಲಾಗಿ ಬರೆಸುವವರಿಗೆ ತಿಳಿದಿರುವಂತೆ ಕಾಣುವುದಿಲ್ಲ.

ಕಲ್ಲಿಗೂ ಓಲೆಗೂ ಇರುವ ಇನ್ನೊಂದು ಅಂತರ ಹೆಸರಿನದು. ಜಿನನಾಥಪುರದ ಪೀಠದಲ್ಲಿ ಉಳಿದುದು ಕೊಟ್ಟವನ ಹೆಸರು. ವಚನದ ಕೊನೆಯಲ್ಲಿ ನಿಲ್ಲುವುದು ನುಡಿದವರ ಹೆಸರಲ್ಲ, ಅವರ ಇಷ್ಟದೈವದ ಅಂಕಿತ. ಕರ್ತೃವನ್ನು ಮರೆಸುವುದಕ್ಕೆಂದೇ ಇಟ್ಟಂತಿರುವ ಅಂಕಿತವೇ ಇಂದು ಕರ್ತೃವನ್ನು ಗುರುತಿಸಲು ಮುಖ್ಯ ಆಧಾರವಾಗಿದೆ. ಪ್ರತಿಕಾರನ ಕೈತಪ್ಪಿನಿಂದ ಅಂಕಿತವೊಂದು ಬದಲಾದರೆ ವಚನವೊಂದರ ಒಡೆತನವೇ ಬದಲಾಗುತ್ತದೆ. ಆದಕಾರಣ ಪ್ರತಿಯ ಇತಿಹಾಸವನ್ನು ಬಿಟ್ಟು ವಚನದ ತತ್ತ್ವವನ್ನಷ್ಟೇ ಚರ್ಚಿಸುವುದು ತಳಪಾಯ ನೋಡದೆ ಮನೆಯನ್ನು ಹೊಗಳಿದಂತೆ.

೪

ಮೂರನೆಯ ಜೋಡಿ ಮುದ್ರಣಯುಗದ್ದು. ಕನ್ನಡದಲ್ಲಿ ಅಚ್ಚು ಬೇರೂರಿದ್ದೇ ಧರ್ಮಪ್ರಸಾರದ ನೆರಳಿನಲ್ಲಿ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. 1848ರಿಂದ ಅವರು ಪ್ರಕಟಿಸಿದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಬಸವಪುರಾಣವೂ ದಾಸರ ಪದಗಳೂ ಸೇರಿದುವು. ಶರಣರನ್ನು ಕುರಿತ ಪುರಾಣಕ್ಕೆ ಹೀಗೆ ಅಚ್ಚಿನ ಭಾಗ್ಯ ಬೇಗನೆ ಒದಗಿತು. ಶರಣರ ಸ್ವಂತ ನುಡಿಗಳು ಅಲ್ಲಲ್ಲಿ ಅಚ್ಚಾದರೂ ವ್ಯವಸ್ಥಿತವಾಗಿ ಬೆಳಕು ಕಾಣಲು ಇನ್ನೂ ಮುಕ್ಕಾಲು ಶತಮಾನ ಕಾಯಬೇಕಾಯಿತು.

1923ನೆಯ ವರ್ಷ ಈ ದೃಷ್ಟಿಯಿಂದ ಸ್ಮರಣೀಯವಾದುದು. ಶ್ರವಣಬೆಳಗೊಳ ಮತ್ತು ಜಿನನಾಥಪುರಗಳ ಶಾಸನಗಳನ್ನು ಒಳಗೊಂಡ 'ಎಪಿಗ್ರಾಫಿಯ ಕರ್ನಾಟಿಕ'ದ ಎರಡನೆಯ ಸಂಪುಟದ ಪರಿಷ್ಕೃತ ಮುದ್ರಣವನ್ನು ಆರ್. ನರಸಿಂಹಾಚಾರ್ಯರು ಆ ವರ್ಷ ಹೊರತಂದರು. ಬಿ.ಎಲ್. ರೈಸ್ ಅವರ 1889ರ ಮುದ್ರಣದಲ್ಲಿ 144 ಶಾಸನಗಳಿದ್ದುವು; ಆಚಾರ್ಯರ ಮುದ್ರಣದಲ್ಲಿ ಅವು 500 ಆದುವು; ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಮುದ್ರಣದಲ್ಲಿ 573. ಬೆಟ್ಟ ಹತ್ತದೆಯೇ ಬೆಳಗೊಳವನ್ನು ಓದುವುದು ಅಂದಿನಿಂದ ಸಾಧ್ಯವಾಯಿತು.

ಅದೇ 1923ರಲ್ಲಿ ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟವಾಯಿತು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಗಳ ಜಗುಲಿಯ ಮೇಲಿನ ಕಟ್ಟುಗಳನ್ನು ಬಿಚ್ಚಿಸಿ, ಸಾಲುಸಾಲಾಗಿ ಪ್ರತಿಮಾಡಿ, ಹೋಲಿಸಿ ನೋಡಿದ ಶ್ರಮ ಎಲ್ಲರಿಗೂ ತಿಳಿದುದೇ. ಈ ಗ್ರಂಥ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತೆಂಬುದನ್ನು ಹಳಕಟ್ಟಿಯವರ ಜೀವನವೃತ್ತಾಂತವನ್ನು ಬರೆದವರು ಸ್ಮರಿಸುತ್ತ ಬಂದಿದ್ದಾರೆ. ಸುಮಾರು 1200ರಲ್ಲಿ ಅಬ್ಬಲೂರಿನ ಕಲ್ಲು ಶರಣನ ಗೆಲುವನ್ನೂ ಜಿನಬಿಂಬದ ಭಂಗವನ್ನೂ ಒಟ್ಟಿಗೆ ಬರೆದಿಟ್ಟಿತ್ತು. 1923ರಲ್ಲಿ ತೀರ್ಥಂಕರನ ಹೆಸರು ಹೊತ್ತ ಮುದ್ರಣಾಲಯ ಶರಣರ ನುಡಿಗೆ ಅಚ್ಚಿನ ಮೊಳೆ ಜೋಡಿಸಿತು. ಮೊದಲನೆಯದನ್ನು ಪ್ರವಚನಗಳು ಏಳು ನೂರು ವರ್ಷ ಹಾಡಿದುವು. ಎರಡನೆಯದನ್ನು ಯಾವ ಪುರಾಣವೂ ಹಾಡಲಿಲ್ಲ. ಧರ್ಮ–ಮಾಧ್ಯಮಗಳ ಅಧ್ಯಯನಕ್ಕೆ ಪ್ರಯೋಜನವೇನೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗಿಲ್ಲ: ನೆನಪಿನಲ್ಲಿ ಉಳಿದುದಷ್ಟೇ ನಡೆದುದಲ್ಲ.

ಹಳಕಟ್ಟಿಯವರು 1925ರ ಸುಮಾರಿಗೆ ಹಿತಚಿಂತಕ ಮುದ್ರಣಾಲಯವನ್ನೂ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದರು. ಮುದ್ರಣದ ವೆಚ್ಚಕ್ಕಾಗಿ ಇದ್ದ ಮನೆಯನ್ನೂ ಮಾರಿದ ಆ ಮಹನೀಯರಿಗೆ 1956ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. ಅವರ ಸೇವೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೂ ಅಚ್ಚು ತಂದ ಮಾರ್ಪಾಡನ್ನು ಗುರುತಿಸುವುದು ವಿಮರ್ಶೆಯ ಕರ್ತವ್ಯ. ಶೂನ್ಯಸಂಪಾದನಕಾರರು ಸಂವಾದವಾಗಿ ಕಟ್ಟಿದ್ದನ್ನು ವಚನಶಾಸ್ತ್ರಸಾರ ವಿಷಯಾನುಕ್ರಮವಾಗಿ ವಿಂಗಡಿಸಿ ಶಾಸ್ತ್ರವನ್ನಾಗಿಸಿತು. ಅಂದಿನ ಸಮಾಜಕ್ಕೆ ಶಾಸ್ತ್ರವೊಂದರ ಆವಶ್ಯಕತೆಯಿತ್ತು. ಮುಂದಿನ ಸಂಪಾದಕರು ಒಬ್ಬೊಬ್ಬ ವಚನಕಾರರನ್ನು ಬೇರೆಬೇರೆ ಗ್ರಂಥಗಳಲ್ಲಿರಿಸಿ ಕವಿಗಳನ್ನಾಗಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಪ್ರಕಟಿಸಿದಾಗ ಪ್ರತಿಯೊಂದು ವಚನಕ್ಕೂ ಒಂದು ಕ್ರಮಸಂಖ್ಯೆ ಬಂದಿತು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಲಾಭವುಂಟು. ಪ್ರತಿಯೊಂದರಲ್ಲಿಯೂ ಏನೋ ಒಂದು ಹಿಂದೆ ಉಳಿಯಿತು.

೫

ಧ್ವನಿ ಮತ್ತು ಬಿಂಬಗಳ ಯುಗವನ್ನು ಇದರ ಮುಂದುವರಿಕೆಯಾಗಿಯೇ ನೋಡಬೇಕು. ಮೈಸೂರಿನಲ್ಲಿ 1935ರಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು, ವಿಶ್ವವಿದ್ಯಾನಿಲಯದ ಅಂಗಳದಿಂದಲೇ 'ಆಕಾಶವಾಣಿ' ಹೊರಟಿತೆಂಬುದು ಮರೆಯತಕ್ಕ ಮಾತಲ್ಲ. 1950ರಲ್ಲಿ ಧಾರವಾಡದ ಕೇಂದ್ರ ಆರಂಭವಾಯಿತು. ಮಲ್ಲಿಕಾರ್ಜುನ ಮನಸೂರರು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದ ವಚನಗಳು ಓದುಬಾರದ ಮನೆಗಳನ್ನೂ ಹೊಕ್ಕುವು. ಓಲೆಯಲ್ಲಿ ಹೂತಿದ್ದ ನುಡಿ ಮತ್ತೆ ನಾಲಗೆಗೆ ಬಂದಿತೆಂದು ಭಕ್ತರು ಹಿಗ್ಗಿದುದು ಸಹಜ. ಆದರೆ ರಾಗ ಹಿಡಿದು ನಿಂತುಹಾಡಲು ಒದಗುವ ವಚನಗಳು ಮಾತ್ರ ಹಾಡಾದುವು. ಬೆಡಗಿನ ವಚನಗಳೂ ದೀರ್ಘವಾದ ತತ್ತ್ವವಿಚಾರಗಳೂ ಬಹುಪಾಲು ಪುಸ್ತಕದಲ್ಲಿಯೇ ಉಳಿದುವು. 1959ರಲ್ಲಿ ತೆರೆಗೆ ಬಂದ 'ಜಗಜ್ಯೋತಿ ಬಸವೇಶ್ವರ' ಚಲನಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರಾಗಿ ಕಾಣಿಸಿಕೊಂಡರು. ಮೂರ್ತಿಯಿಲ್ಲದ ನುಡಿಗೆ ಒಂದು ಮುಖ ದೊರೆಯಿತು. ಬೆಳಗೊಳದಲ್ಲಿ 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದ ಸಮಯದಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದುದು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಎಲ್ಲ ತೊರೆದು ನಿಂತವನ ವಿಗ್ರಹದ ಸುತ್ತ ಛಾಯಾಚಿತ್ರಗಾರರ ಸಂದಣಿ. ಅದೇ ವೇಳೆಯಲ್ಲಿ ಬೆಟ್ಟದಾಚೆಯ ಜಿನನಾಥಪುರದ ಶಾಂತಿನಾಥನು ಎಂದಿನ ಮೌನದಲ್ಲಿದ್ದನು. ದೊಡ್ಡದನ್ನು ತೋರಿಸುವುದು ಬಿಂಬಮಾಧ್ಯಮದ ಸ್ವಭಾವ. ಚಿಕ್ಕದರ ಬಳಿಗೆ ನಡೆದುಹೋಗಬೇಕು.

ಹೀಗಿರಲು ವಿಶ್ವವಿದ್ಯಾನಿಲಯಗಳಲ್ಲಿ ಈ ಅಧ್ಯಯನ ಹೇಗೆ ನಡೆಯಬೇಕು? ಸದ್ಯದ ಏರ್ಪಾಡಿನಲ್ಲಿ ಶಾಸನಗಳು ಚರಿತ್ರೆ ಮತ್ತು ಶಾಸನಶಾಸ್ತ್ರ ವಿಭಾಗಗಳಿಗೆ, ವಚನಗಳು ಕನ್ನಡ ವಿಭಾಗಕ್ಕೆ, ಪತ್ರಿಕೆ ಮತ್ತು ದೂರದರ್ಶನಗಳು ಪತ್ರಿಕೋದ್ಯಮ ವಿಭಾಗಕ್ಕೆ ಸೇರಿವೆ. ಓಲೆಗರಿಯನ್ನು ಓದಬಲ್ಲವನಿಗೆ ಸಂವಹನಶಾಸ್ತ್ರ ತಿಳಿಯದು; ಸಂವಹನಶಾಸ್ತ್ರವನ್ನು ಬಲ್ಲವನು ಓಲೆಗರಿಯನ್ನು ಕಂಡಿರುವುದಿಲ್ಲ. ಇಬ್ಬರ ನಡುವಿನ ಬಯಲಿನಲ್ಲಿ ವಿಷಯ ಅನಾಥವಾಗಿ ನಿಂತಿದೆ. ಹೊರನಾಡಿನ ಸಿದ್ಧಾಂತಗಳನ್ನು ಕನ್ನಡದ ಧಾರಾವಾಹಿಗಳಿಗೆ ಅನ್ವಯಿಸಿ ಬರೆದ ಪ್ರಬಂಧಗಳಿಂದ ಈ ಬಯಲು ತುಂಬದು. ವಿದ್ಯಾರ್ಥಿಯೊಬ್ಬನು ಒಂದೇ ಒಂದು ವಚನವನ್ನು ಆರಿಸಿಕೊಂಡು, ಅದು ಓಲೆಯ ಪ್ರತಿಗಳಲ್ಲಿ, ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ, ವಚನಶಾಸ್ತ್ರಸಾರದಲ್ಲಿ, ಸಮಗ್ರ ಸಂಪುಟದಲ್ಲಿ, ಗಾಯಕರ ಧ್ವನಿಮುದ್ರಿಕೆಯಲ್ಲಿ ಹೇಗೆ ಹೇಗೆ ನಿಂತಿದೆಯೆಂದು ಹಿಂಬಾಲಿಸಲಿ. ಶಾಸನವೊಂದನ್ನು ಅಚ್ಚಿನ ಪಾಠದಲ್ಲಿ ಓದಿ, ಅನಂತರ ಅದು ನಿಂತ ಸ್ಥಳಕ್ಕೆ ಹೋಗಿ, ಯಾರ ಕಣ್ಣಿಗೆ ಬೀಳುವಂತೆ ಅದನ್ನು ನಿಲ್ಲಿಸಲಾಗಿದೆಯೆಂದು ನೋಡಲಿ. ಇಷ್ಟು ಮಾಡಿದವನಿಗೆ ದೂರದರ್ಶನವನ್ನು ಕುರಿತು ಬರೆಯುವ ಅರ್ಹತೆ ತಾನಾಗಿ ಬರುತ್ತದೆ.

ಹೊಣೆ ವಿಶ್ವವಿದ್ಯಾನಿಲಯಗಳದು ಮಾತ್ರವಲ್ಲ. ಮಠಗಳದ್ದೂ ಮನೆತನಗಳದ್ದೂ ಉಂಟು. ಜಗುಲಿಯ ಮೇಲೆ ಗಂಧ ವಿಭೂತಿಗಳನ್ನು ಧರಿಸಿ ಕುಳಿತಿರುವ ಕಟ್ಟುಗಳು ಇನ್ನೂ ಇದ್ದಲ್ಲಿ ಅವನ್ನು ಬಿಚ್ಚಿ, ಗರಿಗಳನ್ನು ಎಣಿಸಿ, ಕೊನೆಯ ಗರಿಯಲ್ಲಿ ಪ್ರತಿಕಾರನು ಬರೆದ ತನ್ನ ಹೆಸರು, ಊರು, ತಿಥಿಗಳನ್ನು ಗುರುತುಹಾಕಿಕೊಳ್ಳಬೇಕು. ಅಚ್ಚಾದ ವಚನಗಳಲ್ಲಿ ಬಿಟ್ಟುಹೋಗುವುದು ಬಹುಮಟ್ಟಿಗೆ ಆ ಕೊನೆಯ ಗರಿಯೇ. ಗಣಕಯಂತ್ರದಲ್ಲಿ ಹುಡುಕಿದೊಡನೆ ಸಾವಿರ ವಚನಗಳು ಕಣ್ಣಮುಂದೆ ನಿಲ್ಲುವ ಈ ಕಾಲದಲ್ಲಿ, ಅವನ್ನು ದೀಪದ ಬೆಳಕಿನಲ್ಲಿ ಕಂಠದಿಂದ ಕೊರೆದು ನಮ್ಮವರೆಗೆ ದಾಟಿಸಿದ ಕೈ ಯಾರದೆಂದು ಕೇಳುವವರು ಇಲ್ಲವಾಗಬಾರದು. ಪೂಜ್ಯವಾದುದನ್ನು ಬಿಚ್ಚಿ ಓದುವುದು ಅಪಚಾರವಲ್ಲ. ಹಳಕಟ್ಟಿಯವರು ಬಿಚ್ಚದೆ ಇದ್ದಿದ್ದರೆ ಪೂಜೆ ಮಾತ್ರ ಉಳಿಯುತ್ತಿತ್ತು, ನುಡಿ ಉಳಿಯುತ್ತಿರಲಿಲ್ಲ.